ಆಣೆ ಮಾಡಿ ಬಡಿಸಿದ ಬಿಳಿ ಗಿಣ್ಣ

ಹೊಟೇಲಿನ ಅಡುಗೆಮನೆಗೆ ಕೆಲಸಕ್ಕೆ ಹೊರಟ ಹುಡುಗಿಯರು ನನ್ನ ಹತ್ತಿರ ಬರುತ್ತಿರುತ್ತಾರೆ. ಮೊಮ್ಮಗಳು ಕೊಲ್ಹಾಪುರದಲ್ಲಿ ಹೊಟೇಲ್ ಕೋರ್ಸಿಗೆ ಸೇರಿದ ಮೇಲಂತೂ ಈ ಕಾಟ ಹೆಚ್ಚಾಗಿದೆ. "ಆಯಿ, ಫ್ರೆಂಚ್ ಹೊಟೇಲಿನ್ಯಾಗ ಹೆಂಗ ಇರ್ತದ ಹೇಳ್ರಿ" ಎಂದು ಕೂತುಬಿಡುತ್ತಾರೆ. ಅವರ ತಲೆಯಲ್ಲಿರುವುದು ಬಿಳಿ ಟೊಪ್ಪಿಗೆ ಮತ್ತು ಮೊಬೈಲಿನಲ್ಲಿ ನೋಡಿದ ತಾಟು. ಒಬ್ಬೊಬ್ಬಳಿಗೂ ಹೇಳಿ ಬಾಯಿ ಒಣಗಿತು, ಅದಕ್ಕೇ ಬರೆದಿಡುತ್ತಿದ್ದೇನೆ. ದತ್ತವಾಡದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು. ಅಕ್ಷರ ತಪ್ಪಿದ್ದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ಸಂಗತಿ ತಿದ್ದಲು ಬಿಟ್ಟಿಲ್ಲ.

ಮದುವೆಯಾಗಿ ಇಚಲಕರಂಜಿಗೆ ಬಂದೆ. ಗಂಡ ತೀರಿಹೋದ ಮೇಲೆ ಪಾವರ್‌ಲೂಮಿನ ಕೆಲಸಗಾರರಿಗೆ ಖಾನಾವಳಿ ನಡೆಸಿದೆ. ರೊಟ್ಟಿ, ಝುಣಕ, ಪುಂಡಿಪಲ್ಯೆ, ಮಜ್ಜಿಗೆ, ಇಷ್ಟೇ. ಅಲ್ಲಿಗೆ ಒಂದು ದಿನ ಹೊಳೆಯುವ ಬೂಟು ಹಾಕಿಕೊಂಡ ಒಬ್ಬರು ಬಂದು, ಹಮಾಲರ ನಡುವೆ ಕೂತು, ನಾಲ್ಕು ರೊಟ್ಟಿ ತಿಂದು ತಾಟು ಒರೆಸಿದರು. ಮೂರನೆಯ ದಿನವೂ ಬಂದರು. ನನಗೆ ಸಂಶಯ ಬಂತು. ಇಂಥ ಬೂಟಿನವರಿಗೆ ಇಲ್ಲೇನು ಕೆಲಸ? ಜಾಗ ಬಿಡಿಸಲು ಬಂದಿರಬೇಕು, ಇಲ್ಲವೇ ಮುನಸಿಪಾಲಟಿಯವರು.

"ಏನ್ ಬೇಕಾಗಿತ್ತರಿ ನಿಮಗ?" ಎಂದು ಕೇಳಿಯೇಬಿಟ್ಟೆ.

"ನೀವು ಬೇಕಾಗೀರಿ ಮಾವಶಿ" ಎಂದರು.

ಅವರೇ ಅಜಿತರಾವ್ ಸಾಹೇಬರು. ಮರಾಠಾ ಮನೆತನ, ಆದರೆ ಗಡಹಿಂಗ್ಲಜದಲ್ಲಿ ಬೆಳೆದದ್ದರಿಂದ ಕನ್ನಡ ಬರುತ್ತಿತ್ತು. ಕೊಲ್ಹಾಪುರದಲ್ಲಿ ಫ್ರೆಂಚ್ ಹೊಟೇಲ್ ತೆರೆದಿದ್ದರು. ಕೆಳಗೆ ಊಟದ ಕೋಣೆ, ಅದರ ಪಕ್ಕದಲ್ಲಿ ಗಾಜಿನ ಬಾಗಿಲಿನ ಬಾರು, ಮೇಲೆ ಗಚ್ಚಿಯಲ್ಲಿ ಬೆತ್ತದ ಕುರ್ಚಿ, ಕುಂಡದಲ್ಲಿ ಹೂವಿನ ಗಿಡ. ಜನ ಬಂದರು, ಗಚ್ಚಿಯಲ್ಲಿ ಫೋಟೋ ತೆಗೆಸಿಕೊಂಡರು, ಹೋದರು. ಲಿಂಗಾಯತ ವ್ಯಾಪಾರಿ ಮನೆತನದವರು, ಜೈನರು ನೀರು ಕುಡಿದು ಎದ್ದು ಹೋಗುತ್ತಿದ್ದರು. ಒಂದೇ ಒಲೆ, ಒಂದೇ ಚಾಕು, ಕೋಳಿ ಹೆಚ್ಚಿದ್ದರಲ್ಲೇ ಕಾಯಿಪಲ್ಯೆ ಹೆಚ್ಚುತ್ತಾರೆ ಎಂಬ ಅನುಮಾನ. ಅನುಮಾನ ಸುಳ್ಳಾಗಿರಲಿಲ್ಲ. ಅದಕ್ಕೆ ಸಾಹೇಬರು ಸಸ್ಯಾಹಾರದ ಒಲೆ ಬೇರೆ ಮಾಡಿ, ಅದರ ಮುಂದೆ ನಿಲ್ಲಿಸಲು ಕೊರಳಲ್ಲಿ ಲಿಂಗ ಇರುವ ಒಬ್ಬ ಹೆಂಗಸನ್ನು ಹುಡುಕುತ್ತಿದ್ದರು. ನನ್ನ ರೊಟ್ಟಿಗಿಂತ ನನ್ನ ಕೊರಳು ಅವರಿಗೆ ಬೇಕಾಗಿತ್ತು. ಇದು ನನಗೆ ಆಗಲೇ ತಿಳಿದಿತ್ತು. ಮೊಣಕಾಲು ಖಾನಾವಳಿಯ ನೆಲಕ್ಕೆ ಸೋತಿತ್ತು, ನಿಂತು ಮಾಡುವ ಒಲೆ ಸಿಗುತ್ತದೆಂದು ಒಪ್ಪಿಕೊಂಡೆ. ಮಗಳು ಕೊಲ್ಹಾಪುರದಲ್ಲೇ ಇದ್ದಳು. ಮಗಳ ಮನೆಯಲ್ಲಿ ಮಲಗಿದರೂ ನನ್ನ ತುತ್ತು ನನ್ನದೇ ಆಗಿರಲಿ ಎಂಬ ಹಟ ನನ್ನದು.

ಹೋದ ಮೊದಲ ದಿನವೇ ಒಂದು ಡಬ್ಬಿ ಬಿಳಿ ಪೇಂಟು ತರಿಸಿ, ಅಡುಗೆಮನೆಯ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಗೆರೆ ಎಳೆಸಿದೆ. ಈಚೆ ನನ್ನದು, ಆಚೆ ಅವರದು. ಗೆರೆ ದಾಟಿ ಯಾರೂ ಬರಬಾರದು, ಸೌಟು ಬರಬಾರದು, ಒರೆಸುವ ಬಟ್ಟೆಯೂ ಬರಬಾರದು. ಎಲ್ಲ ಸಾಮಾನು ನನ್ನ ಸ್ಟೀಲ್ ಡಬ್ಬಿಗಳಲ್ಲಿ ತುಂಬಿಕೊಂಡೆ. ಅಂಗಡಿಯ ಪಾಕೀಟು ಹರಿದು, ಸಾಮಾನು ಡಬ್ಬಿಗೆ ಸುರಿದು, ಪಾಕೀಟು ಕಸಕ್ಕೆ ಎಸೆಯುವುದು ನಮ್ಮ ಮನೆಗಳ ಪದ್ಧತಿ. ಪಾಕೀಟು ಇಟ್ಟುಕೊಂಡರೆ ಜಿರಳೆ ಬರುತ್ತವೆ. ಈ ಪದ್ಧತಿಯ ಬಗ್ಗೆ ಮುಂದೆ ಹೇಳುತ್ತೇನೆ.

ಆಗ ಇದ್ದ ಮೊದಲಿನ ಶೆಫ್ ಪುಣೆಯವನು. ಮೂರು ತಿಂಗಳಲ್ಲಿ ನನಗೆ ಐದಾರು ಬಗೆ ಕಲಿಸಿ ಬಿಟ್ಟುಹೋದ. ಉಳ್ಳಾಗಡ್ಡಿ ಸೂಪು, ಬಟಾಟಿ ಕೆನೆಯ ಪದಾರ್ಥ, ಮತ್ತೆ ಹಾಲಿನ ಒಂದು ಸಿಹಿ. ಅದರ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಹಾಲು, ಸಕ್ಕರೆ, ಬಾದಾಮಿ ಕಾಯಿಸಿ, ಗಾಜಿನಂತೆ ಹೊಳೆಯುವ ತೆಳು ಹಾಳೆಗಳನ್ನು ನೀರಿನಲ್ಲಿ ನೆನೆಸಿ ಹಾಕಿ, ತಣ್ಣಗೆ ಇಟ್ಟರೆ ಬೆಳ್ಳಗೆ ನಡುಗುತ್ತ ಕೂಡುತ್ತದೆ. ನೋಡಿದರೆ ಈದ ಎಮ್ಮೆಯ ಮೊದಲ ಹಾಲಿನಿಂದ ಮಾಡುವ ನಮ್ಮ ಗಿಣ್ಣವೇ. ಬಂದವರೆಲ್ಲ "ಫ್ರೆಂಚ್ ಗಿಣ್ಣ ತರ್ರಿ" ಎನ್ನತೊಡಗಿದರು. ಹಾಳೆ ಏನೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಶ್ರಾವಣದಲ್ಲಿ ಖಾನಾವಳಿಯಲ್ಲಿ ಚೈನಾ ಗ್ರಾಸ್ ಹಾಕಿ ಇಂಥದ್ದನ್ನು ನಾನೇ ಮಾಡುತ್ತಿದ್ದೆ. ಸಮುದ್ರದ ಪಾಚಿಯಿಂದ ಮಾಡಿದ ಆ ಚೈನಾ ಗ್ರಾಸನ್ನು ಅರ್ಧ ತಾಸು ಕುದಿಸಬೇಕು. ಈ ಹಾಳೆ ಬೆಚ್ಚನೆಯ ಹಾಲಿನಲ್ಲೇ ಕರಗಿತು. ಹೊರದೇಶದ ಚೈನಾ ಗ್ರಾಸು, ಚಲೋ ಇರುತ್ತದೆ ಎಂದುಕೊಂಡೆ. ಮುಗಿದಾಗ ಸ್ಟೋರಿನವನಿಗೆ ಒಂದು ಹಾಳೆ ತೋರಿಸಿದರೆ ಅಂಥದ್ದೇ ತಂದುಕೊಡುತ್ತಿದ್ದ.

ಗಚ್ಚಿಯಲ್ಲಿ ಊಟಕ್ಕೆ ಕೂಡುವವರನ್ನು ನಾನು ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾರೂ ಯಾರನ್ನೂ ನಂಬದ ಜಾಗ ಅದು. ತಾಟಿನ ನಡುವೆ ಇಷ್ಟೇ ಇಷ್ಟು ಪದಾರ್ಥ ಬಂದರೆ, ಉಳಿದದ್ದನ್ನು ವೇಟರ್ ತಿಂದನೋ ಏನೋ ಎಂಬಂತೆ ಅವನ ಮುಖ ನೋಡುತ್ತಿದ್ದರು. ಸೂಪಿಗೆ ಖರ್ಡಾ ಕೇಳುತ್ತಿದ್ದರು. ಹಸಿಮೆಣಸಿನಕಾಯಿಯ ಖರ್ಡಾ ಇಲ್ಲದ ಊಟ ಕೊಲ್ಹಾಪುರದವರಿಗೆ ಊಟವಲ್ಲ. ಮೊದಮೊದಲು ಕೊಡುವುದಿಲ್ಲ ಎಂದ ಸಾಹೇಬರು ಆಮೇಲೆ ಪಿಂಗಾಣಿಯ ಪುಟ್ಟ ಬಟ್ಟಲಲ್ಲಿ ಕೊಡಿಸತೊಡಗಿದರು. ಗಂಡಸರು ಫೋನು ಬಂತೆಂದು ಗಚ್ಚಿಯಿಂದ ಇಳಿದು ಬಾರಿನ ಗಾಜಿನ ಬಾಗಿಲು ನೂಕುತ್ತಿದ್ದರು, ಸ್ವಲ್ಪ ಹೊತ್ತಿಗೆ ಯಾಲಕ್ಕಿ ಅಗಿಯುತ್ತ ಮೇಲೆ ಬರುತ್ತಿದ್ದರು. ಹೆಂಡತಿಯರು ಮೂಸಿ ನೋಡುತ್ತಿದ್ದರು. ನಾನೂ ಕಮ್ಮಿಯಿರಲಿಲ್ಲ. ಬಾರಿನ ಬಾಟ್ಲಿಯವನು ನನ್ನ ಗೆರೆಯ ಹತ್ತಿರ ಸುಳಿದರೆ ಸೌಟು ಎತ್ತುತ್ತಿದ್ದೆ. ಫ್ರೆಂಚರ ಅಡುಗೆಗೆ ಸೆರೆ ಹೊಯ್ಯುತ್ತಾರೆ ಎಂದು ಕೇಳಿದ್ದೆನಲ್ಲ.

ನಮ್ಮ ಕಡೆಯವರು ಬಂದರೆ ಒಂದು ರೂಢಿ ಬೆಳೆಯಿತು. ಊಟ ಬಂದರೂ ಮುಟ್ಟುತ್ತಿರಲಿಲ್ಲ. "ನೀಲವ್ವನ್ನ ಕರೀರಿ" ಎನ್ನುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಮೇಲೆ ಹೋಗಿ, ಕೊರಳಿನ ಲಿಂಗ ಮುಟ್ಟಿ, "ಶುದ್ಧ ಐತ್ರಿ, ಊಟ ಮಾಡ್ರಿ" ಎನ್ನಬೇಕು. ಆಮೇಲೇ ಚಮಚ ಎತ್ತುತ್ತಿದ್ದರು. ಸಾಹೇಬರು ಇದನ್ನು ನೋಡಿ ಹಿಗ್ಗಿದರು. ನನಗೂ ಜಂಬ ಇತ್ತು, ಇಲ್ಲವೆನ್ನುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಹೀಗೆ ಕರೆಸಿದವರು ಗಡಹಿಂಗ್ಲಜದ ಪಾರ್ವತೆವ್ವ. ಮೆಣಸಿನಕಾಯಿ ವ್ಯಾಪಾರದ ದೊಡ್ಡ ಮನೆತನ. ಎಂಬತ್ತು ದಾಟಿದ್ದರು, ಬಾಯಲ್ಲಿ ಹಲ್ಲಿರಲಿಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಕೊಲ್ಹಾಪುರಕ್ಕೆ ಬಂದಾಗ ಮಕ್ಕಳು ಇಲ್ಲಿಗೆ ಕರೆತರುತ್ತಿದ್ದರು. ಹೊರಗಿನ ನೀರೂ ಕುಡಿಯದ ಹೆಂಗಸು ನನ್ನ ಬಿಳಿ ಗಿಣ್ಣ ಮಾತ್ರ ಎರಡು ಬಟ್ಟಲು ತಿನ್ನುತ್ತಿದ್ದರು.

"ಎಮ್ಮಿ ಈದಿಲ್ಲ, ಕರಾ ಹಾಕಿಲ್ಲ, ಗಿಣ್ಣ ಎಲ್ಲಿಂದ ಬಂತ ನೀಲವ್ವ?" ಎಂದು ನಗುತ್ತಿದ್ದರು. ಆಮೇಲೆ ಗಂಭೀರವಾಗಿ, "ಹೂಂ, ಮುಟ್ಟು" ಎನ್ನುತ್ತಿದ್ದರು. ನಾನು ಲಿಂಗ ಮುಟ್ಟುತ್ತಿದ್ದೆ. ನಾಲ್ಕು ವರ್ಷ ಹೀಗೆ ನಡೆಯಿತು.

ಪುಣೆಯವನು ಹೋದ ಮೇಲೆ ಬಂದ ಶೆಫ್ ಫಿಲಿಪ್. ಬೆಳಗಾವಿ ಕ್ಯಾಂಪಿನ ಕ್ರಿಸ್ತರವನು, ಹಡಗಿನಲ್ಲಿ ಕೆಲಸ ಮಾಡಿ, ಪಾಂಡಿಚೇರಿಯಲ್ಲಿ ಈ ಅಡುಗೆ ಕಲಿತವನು. ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದ. ಅದೇ ನನಗೆ ಸೇರಲಿಲ್ಲ. ದನ ತಿನ್ನುವವನು ನಮ್ಮ ಭಾಷೆ ಯಾಕೆ ಇಷ್ಟು ಚೆನ್ನಾಗಿ ಆಡಬೇಕು ಎಂದು ಅನಿಸುತ್ತಿತ್ತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ ಎಂದು ಮೊಮ್ಮಗಳು ಅಳಿಸಲು ಹೋದಳು. ಇರಲಿ ಬಿಡು ಎಂದೆ. ಅನಿಸಿದ್ದು ಅನಿಸಿದ್ದೇ.

ಅವನು ಬಂದ ದಿನ ಗೆರೆಯ ಆಚೆ ನಿಂತು, "ನೀಲಕ್ಕ, ಒಳಗ ಬರಬೌದೇನ್ರಿ?" ಎಂದು ಕೇಳಿದ.

"ಯಾಕ?"

"ಏನ್ ಮಾಡತೀರಿ ನೋಡೋಣಂತ."

"ನೋಡೂದೇನೂ ಇಲ್ಲ. ಅಲ್ಲೇ ನಿಂದರು."

ಅವನು ನಿಂತ. ನಾಲ್ಕು ವರ್ಷವೂ ಒಂದು ಹೆಜ್ಜೆ ಈಚೆ ಇಡಲಿಲ್ಲ. ಉಪ್ಪು ಬೇಕಾದರೂ ಗೆರೆಯ ಮೇಲೆ ಬಟ್ಟಲಿಟ್ಟು ದೂರ ಸರಿಯುತ್ತಿದ್ದ. "ನಿಮ್ಮದು ಪಾಕಿಸ್ತಾನ ಬಾರ್ಡರ್ ಆಗೇತಿ ನೀಲಕ್ಕ, ವೀಸಾ ಕೊಡ್ರಿ" ಎಂದು ಕಾಡುತ್ತಿದ್ದ. ನಾನು ನಗುತ್ತಿರಲಿಲ್ಲ.

ಕೊನೆಯ ವರ್ಷ ಉಳ್ಳಾಗಡ್ಡಿ ಸೂಪಿನ ರುಚಿ ಬದಲಾಯಿತು. ನಾನು ರುಚಿ ನೋಡಿದೆ. ಗಾಢವಾಗಿತ್ತು, ಸಿಹಿಯಾಗಿತ್ತು, ನಾಲಿಗೆಗೆ ಹಿಡಿಯುತ್ತಿತ್ತು. ತಿಂದವರೆಲ್ಲ "ನೀಲವ್ವ, ಈಗ ಸೂಪಿನ ಕೈ ಕುದುರೇತಿ ನೋಡು" ಎಂದು ಹೇಳಿ ಕಳಿಸಿದರು. ನಾನೇನೂ ಬೇರೆ ಮಾಡಿರಲಿಲ್ಲ. ಮಾಡದೆ ರುಚಿ ಹೇಗೆ ಬರುತ್ತದೆ? ಗೆರೆಯ ಆಚೆ ಫಿಲಿಪ್‌ನ ದೊಡ್ಡ ಪಾತೇಲಿಯಲ್ಲಿ ದಿನವಿಡೀ ಕೋಳಿಯ ಎಲುಬು ಕುದಿಯುತ್ತಿರುತ್ತದೆ. ಅದರ ಒಂದು ಸೌಟು ನನ್ನ ಪಾತೇಲಿಗೆ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ನಾನು ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವಳಲ್ಲ, ರುಚಿಯಿಂದ ಹಿಡಿಯಲಾರೆ.

ಬಲೆ ಹಾಕಿದೆ. ಹೊರಗೆ ಹೋಗುವಾಗ ಪಾತೇಲಿ ಮತ್ತು ಮುಚ್ಚಳದ ಮೇಲೆ ಸೇರಿಸಿ ಅರಿಷಿಣದ ಗೆರೆ ಎಳೆಯುತ್ತಿದ್ದೆ. ಮುಚ್ಚಳ ತಿರುಗಿದರೆ ಗೆರೆ ತಪ್ಪಬೇಕು. ಬಂದು ನೋಡಿದರೆ ಗೆರೆ ಕೂಡಿಯೇ ಇರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಅದರಿಂದಲೇ ನನ್ನ ಅನುಮಾನ ಗಟ್ಟಿಯಾಯಿತು. ಇಷ್ಟು ನೆಟ್ಟಗೆ ಇರಬೇಕಾದರೆ ನೋಡಿಕೊಂಡೇ ಕೂಡಿಸಿಟ್ಟಿದ್ದಾನೆ, ಹಡಗಿನವನು, ಬುದ್ಧಿವಂತ ಎಂದುಕೊಂಡೆ.

ಸಾಹೇಬರಿಗೆ ಹೇಳಿದೆ. ಅವರ ಮುಖ ಬಿಳುಚಿಕೊಂಡಿತು. ಈ ಮಾತು ಗಡಹಿಂಗ್ಲಜ, ಇಚಲಕರಂಜಿಯ ಪೇಟೆಗೆ ಮುಟ್ಟಿದರೆ ಗಚ್ಚಿಯ ಅರ್ಧ ಕುರ್ಚಿ ಖಾಲಿ. ಆ ಸೋಮವಾರ ಹೊಟೇಲಿಗೆ ರಜೆ. ಬೆಳಿಗ್ಗೆ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆಸಿದರು.

"ಫಿಲಿಪ್, ಚೀಲಾ ಕಟ್ಟು. ಗದ್ದಲ ಬ್ಯಾಡ" ಎಂದರು.

ಫಿಲಿಪ್ ನನ್ನನ್ನು ನೋಡಿದ. "ನೀಲಕ್ಕ ನೋಡ್ಯಾರೇನ್ರಿ ನಾ ಹಾಕಿದ್ದು?"

"ನೋಡೂದ್ಯಾಕ? ರುಚಿ ಹೇಳತೈತಿ" ಎಂದೆ.

"ಹಂಗಾದ್ರ ನನ್ನ ಮುಂದ ಸೂಪ್ ಮಾಡ್ರಿ. ನಾ ಇಲ್ಲೇ ಗೆರಿ ಹೊರಗ ಕೈ ಕಟ್ಕೊಂಡ ನಿಂದರತೀನಿ. ಆಮ್ಯಾಲೆ ಚೀಲಾ ಕಟ್ಟತೀನಿ."

ನ್ಯಾಯವಾದ ಮಾತು. ಉಳ್ಳಾಗಡ್ಡಿ ಹೆಚ್ಚಿ ಬೆಣ್ಣೆಗೆ ಹಾಕಿದೆ. ಮೊಣಕಾಲು ನೋಯುತ್ತಿತ್ತು, ಸ್ಟೂಲು ಎಳೆದುಕೊಂಡು ಕೂತೆ. ಉರಿ ಸಣ್ಣದು ಮಾಡಿದೆ. ಫಿಲಿಪ್ ಗೋಡೆಯ ಗಡಿಯಾರ ನೋಡುತ್ತಿದ್ದ. ನಾನು ಕೂತೇ ಇದ್ದೆ, ಆಗಾಗ ಎದ್ದು ಕೈಯಾಡಿಸುತ್ತಿದ್ದೆ. ಉಳ್ಳಾಗಡ್ಡಿ ಬೆಲ್ಲದ ಬಣ್ಣಕ್ಕೆ ಬಂತು. ನೀರು ಹೊಯ್ದು, ಕುದಿಸಿ, ರುಚಿ ನೋಡಿದೆ. ಅದೇ ಗಾಢ ರುಚಿ. ಸಾಹೇಬರೂ ನೋಡಿದರು.

"ಮೊದಲ ಎಷ್ಟೊತ್ತ ಹುರೀತಿದ್ರಿ ನೀಲಕ್ಕ?" ಎಂದ ಫಿಲಿಪ್.

"ಹತ್ತ ಮಿನಿಟು. ಗ್ಯಾಸ್ ಯಾಕ ಹಾಳ ಮಾಡೂದು?"

"ಈಗ ಒಂದ ತಾಸ ಆತು. ಕಾಲ ನೋಯಾಕತ್ತಾಗಿಂದ ಕುಂತ ಹುರೀತೀರಿ. ಅದೇ ರುಚಿ. ಅದನ್ನ ನಾ ಹೇಳಾಕ ಬಂದಾಗೆಲ್ಲ ನೀವು 'ಅಲ್ಲೇ ನಿಂದರು' ಅಂದ್ರಿ."

ಖಾನಾವಳಿಯಲ್ಲಿ ಗ್ಯಾಸು ಉಳಿಸುವ ಚಾಳಿ ನನ್ನದು. ಮೂರು ವರ್ಷ ಜನರಿಗೆ ಅರೆಬೆಂದ ಸೂಪು ಕುಡಿಸಿದ್ದೆ. ನನ್ನ ಮೊಣಕಾಲಿಗೆ ನನಗಿಂತ ಚೆನ್ನಾಗಿ ಅಡುಗೆ ಬರುತ್ತಿತ್ತು. ಆದರೂ ನಾನು ಸೋಲಲಿಲ್ಲ. "ಸೂಪಿನ್ಯಾಗ ಇಲ್ಲಂದ್ರ ಮತ್ತೊಂದರಾಗ ಇದ್ದೀತು" ಎಂದೆ.

"ಹಂಗಿದ್ರ ಎಲ್ಲಾ ತಗೀರಿ. ಮೊದಲ ನಂದು, ಆಮ್ಯಾಲೆ ನಿಮ್ಮದು" ಎಂದ ಅವನು.

ಅವನ ಕಪಾಟು ಖಾಲಿ ಮಾಡಿದೆವು. ಪ್ರತಿಯೊಂದೂ ಅದರದರ ಪಾಕೀಟಿನಲ್ಲೇ ಇತ್ತು, ಚೀಟಿ ಹಚ್ಚಿ ಬರೆದಿತ್ತು. ಆಮೇಲೆ ನನ್ನ ಡಬ್ಬಿಗಳು. ಸಾಹೇಬರು ಒಂದೊಂದೇ ಮುಚ್ಚಳ ತೆಗೆದು ಗೆರೆಯ ಮೇಲೆ ಇಡುತ್ತ ಹೋದರು. ಹಿಟ್ಟು, ಸಕ್ಕರೆ, ಬಾದಾಮಿ. ಹಾಳೆಯ ಡಬ್ಬಿ ಬಂದಾಗ ಫಿಲಿಪ್ ಬಗ್ಗಿದ. ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದ.

"ನೀಲಕ್ಕ, ಇದು ಯಾತಕ್ಕ?"

"ಗಿಣ್ಣಕ್ಕ. ಚೈನಾ ಗ್ರಾಸು."

ಇನ್ನೊಬ್ಬನಾಗಿದ್ದರೆ ಕೇಕೆ ಹಾಕುತ್ತಿದ್ದ. ಅವನು ದನಿ ತಗ್ಗಿಸಿ, "ಇದು ಚೈನಾ ಗ್ರಾಸ್ ಅಲ್ಲರಿ. ಜೆಲಟಿನ್. ದನದ್ದು, ಹಂದೀದು ತೊಗಲು, ಎಲುಬು ಕುದಿಸಿ ತಗೀತಾರ. ನಾ ನಿಮ್ಮ ಗಿಣ್ಣ ಚೈನಾ ಗ್ರಾಸಿಂದಂತನ ತಿಳಕೊಂಡಿದ್ನಿ" ಎಂದ.

"ನೀನೇ ಇಟ್ಟಿರಬೇಕು" ಎಂದೆ. ಬಾಯಿಗೆ ಮೊದಲು ಬಂದದ್ದು ಅದೇ.

ಅವನು ವಾದ ಮಾಡಲಿಲ್ಲ. ಸ್ಟೋರಿನಿಂದ ಚೈನಾ ಗ್ರಾಸಿನ ಒಂದು ಎಳೆ ತರಿಸಿದ. ಇಕ್ಕಳದಲ್ಲಿ ಹಿಡಿದು ಉರಿಗೆ ಹಿಡಿದ. ಕಾಗದ ಸುಟ್ಟ ವಾಸನೆ ಬಂತು. ಆಮೇಲೆ ನನ್ನ ಡಬ್ಬಿಯ ಹಾಳೆ ಹಿಡಿದ. ಅದು ಮುದುಡಿಕೊಂಡು, ಗುಳ್ಳೆಯೆದ್ದು, ಕೂದಲು ಸುಟ್ಟ ವಾಸನೆ ಅಡುಗೆಮನೆ ತುಂಬಿತು. ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಬೆಚ್ಚನೆಯ ಹಾಲಿನಲ್ಲೇ ಕರಗಿದ್ದು, ಬೇಸಿಗೆಯಲ್ಲಿ ಗಚ್ಚಿಯ ಮೇಲೆ ಬಟ್ಟಲಲ್ಲೇ ನೀರಾಗುತ್ತಿದ್ದದ್ದು, ಎಲ್ಲ ನನ್ನ ಕಣ್ಣ ಮುಂದೆಯೇ ನಡೆದಿತ್ತು. ಚೈನಾ ಗ್ರಾಸು ಎಂದೂ ಹಾಗೆ ನೀರಾಗುವುದಿಲ್ಲ. ಆಚೆಯವನನ್ನು ಕಾಯುವುದರಲ್ಲಿ ಈಚೆ ನೋಡುವುದು ಬಿಟ್ಟಿದ್ದೆ. ಆ ಹಾಳೆಯ ಪಾಕೀಟು ನಾನೇ ಹರಿದು ಎಸೆದಿದ್ದೆ. ಗೆರೆ ದಾಟಿ ಬಂದಿದ್ದರೆ ಮೊದಲ ದಿನವೇ ಹೇಳಬಹುದಾಗಿದ್ದವನನ್ನು ಗೆರೆ ಎಳೆದು ಹೊರಗೆ ನಿಲ್ಲಿಸಿದವಳೂ ನಾನೇ.

ಸಾಹೇಬರು ಬೇಗ ಚೇತರಿಸಿಕೊಂಡರು. "ಬಘಾ, ನೋಡ್ರಿ ಮಾವಶಿ, ಆದದ್ದ ಆತು. ಇವತ್ತಿಂದ ಚೈನಾ ಗ್ರಾಸ್ ಹಾಕ್ರಿ. ಫಿಲಿಪ್, ಚೀಲಾ ಬಿಚ್ಚು. ಈ ಮಾತು ಈ ನಾಕ ಗ್ವಾಡಿ ದಾಟಬಾರದು."

"ನಾ ಲಿಂಗ ಮುಟ್ಟೇನ್ರಿ" ಎಂದೆ.

"ನಿಮಗ ಗೊತ್ತಿರಲಿಲ್ಲಲ್ಲ, ಪಾಪ ಹತ್ತೂದಿಲ್ಲ."

"ಈಗ ಗೊತ್ತಾಗೇತಲ್ಲ."

"ಹೇಳಿದ್ರ ಹೊಟೇಲ್ ಮುಚ್ಚಬೇಕಾಗತದ. ಹೇಳೂ ಹಂಗಿದ್ರ ನೀವು ಕೆಲಸಾ ಬಿಟ್ಟ ಹೇಳ್ರಿ" ಎಂದು ಹೊರಟುಹೋದರು.

ಫಿಲಿಪ್‌ನ ಕ್ಷಮೆ ನಾನು ಕೇಳಲಿಲ್ಲ. ಕೇಳುವ ರೂಢಿ ನನಗಿಲ್ಲ. ಚಾಕುವಿನಿಂದ ನೆಲದ ಪೇಂಟು ಕೆರೆಯತೊಡಗಿದೆ. ಅವನು ನೋಡಿ, "ಚಾಕು ಮೊಂಡ ಆಗತದರಿ ನೀಲಕ್ಕ, ಟರ್ಪಂಟೈನ್ ಎಣ್ಣಿ ತರತೀನಿ ತಡೀರಿ" ಎಂದ. ಇಬ್ಬರೂ ಕೂತು ಒರೆಸಿದೆವು. ಒಲೆ, ಚಾಕು, ಪಾತೇಲಿ ಬೇರೆ ಬೇರೆಯೇ ಉಳಿದವು. ಕಣ್ಣಿಗೆ ಮಾತ್ರ ತಡೆ ಇರಬಾರದು ಎಂದು ತೀರ್ಮಾನಿಸಿದೆ.

ಆರು ದಿನ ಯೋಚಿಸಿದೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಪಾರ್ವತೆವ್ವನಿಗೆ ಎಂದೂ ತಿಳಿಯುವುದಿಲ್ಲ. ಆದರೆ ಮುಂದಿನ ಸಲ ಅವರು "ಮುಟ್ಟು" ಎಂದಾಗ ಕೈ ಎತ್ತಬೇಕಲ್ಲ. ಅವತ್ತಿನ ಗಿಣ್ಣ ಶುದ್ಧವೇ ಇರಬಹುದು. ಆದರೆ ಹಿಂದಿನ ನಾಲ್ಕು ವರ್ಷದ ಮೇಲೂ ಆ ಕೈ ಬಿದ್ದಂತೆಯೇ. ಗೊತ್ತಿಲ್ಲದೆ ಮುಟ್ಟಿದ್ದು ತಪ್ಪು ಲೆಕ್ಕ, ಗೊತ್ತಿದ್ದು ಮುಟ್ಟಿದರೆ ಕಳ್ಳತನ.

ರವಿವಾರ ಸಂಜೆ ಪಾರ್ವತೆವ್ವ ಬಂದರು. ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ. ಗಚ್ಚಿಯ ಮೂಲೆಯ ಮೇಜು. ಚೈನಾ ಗ್ರಾಸಿನ ಗಿಣ್ಣ ಮೇಲೆ ಹೋಯಿತು. ಗಂಡುಮಕ್ಕಳು ಫೋನು ಕಿವಿಗೆ ಹಚ್ಚಿಕೊಂಡು ಬಾರಿನ ಕಡೆ ಇಳಿದರು. ವೇಟರ್ ಬಂದು, "ಕರೀತಾರ" ಎಂದ.

ಹೋದೆ. ಪಾರ್ವತೆವ್ವ ಬಟ್ಟಲು ಮುಂದಿಟ್ಟುಕೊಂಡಿದ್ದರು. "ಹೂಂ, ಮುಟ್ಟು" ಎಂದರು.

ನಾನು ಕೈ ಎತ್ತಲಿಲ್ಲ. "ಆಯಿ, ಇವತ್ತಿಂದ ಶುದ್ಧ ಐತಿ. ಹಿಂದ ತಿಂದದ್ದು ಆಗಿರಲಿಲ್ಲ" ಎಂದೆ.

"ಏನ್ ಅಂದಿ?"

ಎಲ್ಲ ಹೇಳಿದೆ. ಹಾಳೆ ಯಾವುದರದು, ಯಾರು ತಂದರು, ಯಾರು ಹಾಕಿದರು. ಹಾಕಿದವಳು ನಾನೇ ಎಂದು ಎರಡು ಸಲ ಹೇಳಿದೆ, ಫಿಲಿಪ್‌ನ ಮೇಲೆ ಹೋಗಬಾರದು ಎಂದು. ಸೊಸೆ ಸೆರಗು ಬಾಯಿಗೆ ಹಿಡಿದುಕೊಂಡು ಎದ್ದಳು. ಅಷ್ಟರಲ್ಲಿ ಗಂಡುಮಕ್ಕಳು ಬಂದರು. ಸೊಸೆ ಹೇಳಿದ್ದೇ ತಡ, ಹಿರಿಯವನು ಮೇಜು ಗುದ್ದಿದ.

"ನಮ್ಮ ಧರ್ಮಾ ಕೆಡಿಸಿದ್ರಿ! ನಿಮ್ಮ ಹೊಟೇಲಿಗೆ ಬೆಂಕಿ ಹಚ್ಚತೀವಿ!"

ಪಾರ್ವತೆವ್ವ ಅವನ ಕಡೆ ಮೂಗು ತಿರುಗಿಸಿದರು. "ನೀ ಕೆಳಗ ಏನ್ ಕುಡದ ಬಂದಿ? ಅದನ್ನ ಮೊದಲ ಹೇಳು. ಆಮ್ಯಾಲೆ ಬೆಂಕಿ ಹಚ್ಚಾಕಂತಿ."

ಅವನು ಕೂತ. ಪಾರ್ವತೆವ್ವ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ನಿಂತಿದ್ದೆ, ಉಗುಳಿದರೂ ಒರೆಸಿಕೊಳ್ಳಲು ತಯಾರಿದ್ದೆ. ಅವರು ಅಂದದ್ದು ಬೇರೆ.

"ನಾ ಇನ್ನ ಎಷ್ಟ ದಿನಾ ಇರಾಕಿ ನೀಲವ್ವ? ಹೇಳದ ಇದ್ದರ ಶುದ್ಧ ಆಗಿ ಸಾಯತಿದ್ನಿ. ನೀ ನಿನ್ನ ಹೊಟ್ಟಿ ಹಗರ ಮಾಡ್ಕೊಂಡಿ. ನಂದ ಭಾರ ಮಾಡಿದಿ."

ಅವರು ಕೋಲು ಊರಿಕೊಂಡು ಎದ್ದು ಹೋದರು. ಬಟ್ಟಲು ಮುಟ್ಟದೆ ಹಾಗೇ ಉಳಿಯಿತು.

ಸಾಹೇಬರು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ತೆಗೆದುಹಾಕಲೂ ಇಲ್ಲ. ಮಾತು ಅಷ್ಟರಲ್ಲಿ ಪೇಟೆಯೆಲ್ಲ ಹಬ್ಬಿತ್ತು, ನನ್ನನ್ನು ತೆಗೆದರೆ ಮುಚ್ಚಿಡಲು ತೆಗೆದರು ಎಂದಾಗುತ್ತಿತ್ತು. ಗಚ್ಚಿಯ ಕುರ್ಚಿಗಳು ಖಾಲಿಯಾದವು. ಇಚಲಕರಂಜಿಯ ಎರಡು ಮನೆತನದವರು ಬಂದು ಬೈದು ಹೋದರು. ಒಬ್ಬ ಹೆಂಗಸು ನನ್ನ ಮಗಳ ಮನೆಗೇ ಬಂದು ಹೊಸ್ತಿಲಲ್ಲಿ ಕೂತು ಅತ್ತಳು.

ಆಮೇಲೆ ನಾನು ಆಣೆ ಮಾಡುವುದು ಬಿಟ್ಟೆ. ಯಾರಾದರೂ "ಮುಟ್ಟು" ಎಂದರೆ, "ಕೆಳಗ ಬಂದ ನೋಡ್ರಿ" ಎನ್ನುತ್ತಿದ್ದೆ. ಪಾಕೀಟುಗಳನ್ನು ಎಸೆಯದೆ ಕತ್ತರಿಸಿ ಗೋಡೆಯ ಹಲಗೆಗೆ ಹಚ್ಚಿದೆವು. ಹಸಿರು ಚುಕ್ಕಿ ಇರುವುದು ಒಂದು ಕಡೆ, ಕಂದು ಚುಕ್ಕಿಯದು ಇನ್ನೊಂದು ಕಡೆ, ಚುಕ್ಕಿಯೇ ಇಲ್ಲದ್ದು ಒಳಗೇ ಬರುವುದಿಲ್ಲ. ಚುಕ್ಕಿ ನೋಡಲು ಇಂಗ್ರಜಿ ಬೇಕಿಲ್ಲ. ಸಣ್ಣ ಅಕ್ಷರ ಫಿಲಿಪ್ ಓದಿ ಹೇಳುತ್ತಿದ್ದ, ನಾನು ಮತ್ತೊಬ್ಬರಿಂದ ಓದಿಸಿ ತಾಳೆ ನೋಡುತ್ತಿದ್ದೆ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. "ನಂಬಬ್ಯಾಡ್ರಿ ನೀಲಕ್ಕ, ಹಂಗ ಇರ್ರಿ" ಎನ್ನುತ್ತಿದ್ದ. ಚೀಜಿನಲ್ಲಿಯೂ ಕರುವಿನ ಹೊಟ್ಟೆಯದೇನೋ ಹಾಕುತ್ತಾರೆಂದು ಆಗಲೇ ಗೊತ್ತಾದದ್ದು. ಸೂಪಿನ ಮೇಲಿನ ಚೀಜು ಅವತ್ತೇ ಬದಲಾಯಿತು.

ಹುಡುಗಿಯರೇ, ಅನುಮಾನ ಪಡಬೇಡಿ ಎಂದು ನಾನು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಅನುಮಾನವಿಲ್ಲದವಳು ಒಂದು ದಿನ ಯಾರಿಗೋ ವಿಷ ಬಡಿಸುತ್ತಾಳೆ. ಆದರೆ ಮೊದಲು ನಿನ್ನ ಡಬ್ಬಿಯ ಮುಚ್ಚಳ ತೆಗೆ, ಆಮೇಲೆ ಇನ್ನೊಬ್ಬನದು. ಪಾಕೀಟು ಎಸೆಯಬೇಡ. ಮಾಲೀಕ ನಿನ್ನ ಕೈಗಿಂತ ನಿನ್ನ ಕೊರಳನ್ನು ಹೆಚ್ಚು ಹೊಗಳಿದರೆ, ಅವನಿಗೆ ಬೇಕಾದದ್ದು ಏನೆಂದು ಕೇಳಿಕೋ.

ಪಾರ್ವತೆವ್ವ ಐದು ತಿಂಗಳು ಬರಲಿಲ್ಲ. ಆಸ್ಪತ್ರೆಗೆ ಬರುತ್ತಾರೆ, ಈ ರಸ್ತೆಯಿಂದಲೇ ಹೋಗುತ್ತಾರೆ, ಕಾರು ನಿಲ್ಲಿಸುವುದಿಲ್ಲ ಎಂದು ಸಾಹೇಬರು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಹೊಟೇಲ್ ತೆರೆಯುವ ಮೊದಲು ಹಿತ್ತಲ ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು. ಪಾರ್ವತೆವ್ವ ನೇರ ಅಡುಗೆಮನೆಗೇ ಬಂದರು. ಹಿಂದೆ ಸೊಸೆ, ಮೂಗು ಮುಚ್ಚಿಕೊಂಡು.

"ಮಾಡು. ನೋಡತೀನಿ" ಎಂದರು.

ಫಿಲಿಪ್ ಕುರ್ಚಿ ತಂದಿಟ್ಟ. ಅವರು ಕೂಡಲಿಲ್ಲ. ಹಲಗೆಯ ಮೇಲಿನ ಪಾಕೀಟುಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಚೈನಾ ಗ್ರಾಸಿನ ಎಳೆಯನ್ನು ಸುಡಿಸಿ ಮೂಸಿದರು. ಮತ್ತೊಂದು ಎಳೆ ಸುಡಿಸಿದರು. ಹಾಲು ಯಾರ ಮನೆಯದೆಂದು ಕೇಳಿದರು. ನಾನು ಕುದಿಸುವಾಗ ಅರ್ಧ ತಾಸೂ ಪಾತೇಲಿಯಿಂದ ಕಣ್ಣು ತೆಗೆಯಲಿಲ್ಲ. ಬಟ್ಟಲಿಗೆ ಹೊಯ್ದಾಗ ಬಟ್ಟಲು ತಾವೇ ತೊಳೆದುಕೊಂಡರು. ಗಿಣ್ಣ ಗಟ್ಟಿಯಾಗಲು ಎರಡು ತಾಸು ಬೇಕೆಂದೆ. ಗಚ್ಚಿಗೆ ಹೋಗಿ ಬಿಸಿಲಿನಲ್ಲಿ ಕೂತರು.

ಬಟ್ಟಲು ನಾನೇ ಮೇಲೆ ಒಯ್ದೆ. ಅವರು "ಮುಟ್ಟು" ಎನ್ನಲಿಲ್ಲ, ನಾನೂ ಮುಟ್ಟಲಿಲ್ಲ. ಒಂದು ಚಮಚ ಬಾಯಿಗಿಟ್ಟುಕೊಂಡು ದವಡೆ ಆಡಿಸಿದರು. ಇನ್ನೊಂದು ಚಮಚ. ನಿಧಾನವಾಗಿ ಬಟ್ಟಲು ಮುಗಿಸಿದರು. ಆಮೇಲೆ ಸೊಸೆ ಎಲ್ಲಿದ್ದಾಳೆ ಎಂದು ತಿರುಗಿ ನೋಡಿದರು. ಅವಳು ಗಚ್ಚಿಯ ಆ ತುದಿಯಲ್ಲಿ ಫೋನಿನಲ್ಲಿದ್ದಳು. ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡರು.

"ನೀಲವ್ವ" ಎಂದರು, "ಮೊದಲಿನ ಗಿಣ್ಣ ಭಾಳ ಮೆತ್ತಗಿತ್ತ ನೋಡು."

ನಾನು ಖಾಲಿ ಬಟ್ಟಲು ಎತ್ತಿಕೊಂಡು ಕೆಳಗಿಳಿದೆ.